ವಕೀಲರ ಅಳತೆ

ಕೋಟಿನ ಎರಡನೇ ತೋಳಿನಿಂದ ವಕೀಲರ ಕೈ ಪೂರ್ತಿ ಹೊರಗೆ ಬರಲೇ ಇಲ್ಲ. ಬೆರಳ ತುದಿಗಳು ಮಾತ್ರ ಕಪ್ಪು ಬಟ್ಟೆಯ ಅಂಚಿನಲ್ಲಿ ಇಣುಕಿ ಅಲ್ಲೇ ನಿಂತವು. ಟೈಲರ್ ಮಾಸ್ಟರು ಹಿಂದಿನಿಂದ ಕಾಲರು ಎತ್ತಿ ಕೂರಿಸಿದರು, ಜಾರಿತು. ಮತ್ತೆ ಕೂರಿಸಿದರು, ಮತ್ತೆ ಜಾರಿತು. ಭುಜದ ಹೊಲಿಗೆ ಭುಜವನ್ನು ದಾಟಿ ಎರಡು ಬೆರಳು ಕೆಳಗೆ ಬಿದ್ದಿತ್ತು. ಅದನ್ನು ತಿಳಿಯಲು ಕನ್ನಡಿ ನೋಡಬೇಕಾಗಿರಲಿಲ್ಲ. ಐವತ್ತೆಂಟು ವರ್ಷ ಕತ್ತರಿ ಹಿಡಿದ ಕೈಗೆ ಇಂಥದ್ದು ಮುಟ್ಟಿದರೇ ಗೊತ್ತಾಗುತ್ತದೆ.

ಮೂಲೆಯಲ್ಲಿ ಹೊಲಿಗೆ ಯಂತ್ರದ ಸದ್ದು ನಿಂತಿತು. ಮಗಳು ತಲೆಯೆತ್ತಿ ನೋಡುತ್ತಿದ್ದಾಳೆ ಎಂದು ಮಾಸ್ಟರಿಗೆ ತಿರುಗದೆಯೇ ತಿಳಿಯಿತು.

ಅಂಗಡಿ ಈಗ ಅವಳದೇ. ಎಂಟು ವರ್ಷದಿಂದ ಗಿರಾಕಿಗಳ ಮಾತು, ಬಟ್ಟೆಯ ಆಯ್ಕೆ, ಹೊಲಿಗೆ ಎಲ್ಲ ಅವಳೇ ನೋಡಿಕೊಳ್ಳುತ್ತಾಳೆ. ಅಪ್ಪನ ಪಾಲಿಗೆ ಉಳಿದದ್ದು ಕಿಟಕಿ ಪಕ್ಕದ ಉದ್ದ ಮೇಜು ಮತ್ತು ಕತ್ತರಿ. ಅದಕ್ಕೂ ಹೋದ ತಿಂಗಳು ಸಂಚಕಾರ ಬಂದಿತ್ತು. ಮೊದಲು ಒಂದು ಪ್ಯಾಂಟಿನ ಒಂದು ಕಾಲು ಗಿಡ್ಡವಾಯಿತು, ಅದರ ಬೆನ್ನಿಗೇ ಒಂದು ಅಂಗಿಯ ಎದೆ ಬಿಗಿಯಾಯಿತು. ಮಗಳು ಕೂಗಾಡಲಿಲ್ಲ. ಕೂಗಾಡಿದ್ದರೆ ಮಾಸ್ಟರೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದರು.

"ಅಪ್ಪಾ, ವಕೀಲ್ ಮಾಮನ ಕೋಟು ನೀನೇ ಮಾಡು," ಎಂದಿದ್ದಳು. "ಅದು ಸರಿಬಂದ್ರೆ ಕತ್ತರಿ ನಿನ್ನ ಹತ್ರಾನೇ ಇರ್ಲಿ. ಇಲ್ಲಾಂದ್ರೆ ಮೇಜು ನಂಗೆ ಬಿಟ್ಟು ಗುಂಡಿ, ಕಾಜ ನೋಡ್ಕೋ."

ಗುಂಡಿ, ಕಾಜ! ಹದಿನೆಂಟನೇ ವಯಸ್ಸಿನಲ್ಲಿ ಮಾಸ್ಟರು ಈ ಕಸುಬಿಗೆ ಕಾಲಿಟ್ಟಾಗ ಕೊಟ್ಟಿದ್ದ ಕೆಲಸ ಅದು. ಸುತ್ತಿ ಸುತ್ತಿ ಅಲ್ಲಿಗೇ ಬಂದು ಕೂರುವುದೆಂದರೆ ಯಾರಿಗೆ ತಾನೇ ಸಂಕಟವಾಗುವುದಿಲ್ಲ?

ಎರಡು ವಾರದ ಹಿಂದೆ ವಕೀಲರು ಹದಿನಾಲ್ಕು ಮೆಟ್ಟಿಲು ಹತ್ತಿ ಬಂದು ಕುರ್ಚಿಯಲ್ಲಿ ಕುಸಿದಿದ್ದರು. ಉಸಿರು ಹದಕ್ಕೆ ಬರಲು ಐದು ನಿಮಿಷ ಹಿಡಿಯಿತು. "ಅಳತೆಗೆ ಏಳ್ಬೇಕಾ ಮಾಸ್ಟ್ರೇ?" ಎಂದು ಅವರು ಕೇಳಿದಾಗ ಮಾಸ್ಟರು ನಕ್ಕು, "ನಿಮ್ಮ ಅಳತೆಗೆ ಟೇಪು ಬೇರೆ ಬೇಕಾ?" ಎಂದುಬಿಟ್ಟರು. ಎದೆ ನಲವತ್ತು, ಭುಜ ಹದಿನೆಂಟು, ತೋಳು ಇಪ್ಪತ್ತನಾಲ್ಕೂವರೆ. ಮಗ್ಗಿಯ ಹಾಗೆ ಬಾಯಲ್ಲೇ ಇತ್ತು. ವಕೀಲರ ಅಳತೆಗೆ ದಪ್ಪ ಕಾಗದದಲ್ಲಿ ಕತ್ತರಿಸಿಟ್ಟ ಅಚ್ಚು ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಅದನ್ನೇ ಬಟ್ಟೆಯ ಮೇಲೆ ಹಾಸಿ ಕತ್ತರಿಸಿದರು. "ಒಂದ್ಸಲ ಟೇಪು ಹಿಡಿದು ನೋಡಪ್ಪಾ. ನಡುವೆ ಟ್ರಯಲ್ಲಿಗಾದ್ರೂ ಕರಿ," ಎಂದ ಮಗಳಿಗೆ, "ಮೀನಿಗೆ ಈಜು ಹೇಳ್ಕೊಡೋಕೆ ಬರ್ಬೇಡ," ಎಂದು ರೇಗಿದ್ದೂ ಆಗಿತ್ತು.

ಹನ್ನೆರಡು ವರ್ಷದಿಂದ ಆ ಅಚ್ಚು ಮೊಳೆಯ ಮೇಲೆ ಹಾಗೇ ಇತ್ತು. ವಕೀಲರು ಹಾಗೇ ಇರಲಿಲ್ಲ.

"ನಾಡಿದ್ದು ಫೋಟೋದವನು ಬರ್ತಾನೆ," ವಕೀಲರು ಕನ್ನಡಿಯೊಳಗಿಂದಲೇ ಹೇಳಿದರು. "ಐವತ್ತು ವರ್ಷ ವಾದ ಮಾಡಿದೋರ ಫೋಟೋ ವಕೀಲರ ಸಂಘದ ಗೋಡೆಗೆ ಹಾಕ್ತಾರಂತೆ. ಬದುಕಿರುವಾಗ್ಲೇ ಗೋಡೆಗೆ ಏರಿಸ್ತಿದಾರೆ ನೋಡಿ ನನ್ನ."

ಯಾರೂ ನಗಲಿಲ್ಲ. ವಕೀಲರು ಮಾಸ್ಟರ ಮುಖ ನೋಡಿದರು, ಮಗಳ ಮುಖ ನೋಡಿದರು. ಸಾಕ್ಷಿಗಳ ಮುಖ ಓದಿಯೇ ಅನ್ನ ತಿಂದವರು. ಇಲ್ಲೇನೋ ನಡೆದಿದೆ ಎಂದು ತಿಳಿಯಲು ಎಷ್ಟು ಹೊತ್ತು?

"ಕೋಟು ಚೆನ್ನಾಗಿದೆ," ಎಂದರು. "ಒಳಗೆ ಗಾಳಿ ಆಡುತ್ತೆ. ಈ ವಯಸ್ಸಿಗೆ ಇನ್ನೇನು ಬೇಕು?"

"ವಕೀಲ್ ಮಾಮ, ನಿಜ ಹೇಳಿ," ಎಂದಳು ಮಗಳು.

"ಐವತ್ತು ವರ್ಷ ಊರೋರಿಗೆಲ್ಲ ನಿಜ ಹೇಳಿ ಅಂತ ಗದರಿದೋನು ನಾನು. ನಂಗೇ ಹೇಳ್ತೀಯಾ ತಾಯಿ? ಕೋಟಿನ ತಪ್ಪು ಏನೇನೂ ಇಲ್ಲ. ಕೋಟು ಅಳತೆಗೆ ಸರಿಯಾಗೇ ಇದೆ, ನಾನೇ ಅಳತೆ ತಪ್ಪಿದೀನಿ. ಅರವತ್ತಕ್ಕೆ ಅರಳುಮರಳು ಅಂತಾರೆ. ನಂಗೆ ಎಪ್ಪತ್ತೊಂಬತ್ತಾದ್ರೂ ಇಷ್ಟು ವಾದ ಮಾಡೋ ಬುದ್ಧಿ ಇದೆ, ಸಾಲದಾ?"

ಮಾಸ್ಟರಿಗೆ ದಾರಿ ಸಿಕ್ಕಿಬಿಟ್ಟಿತ್ತು. ಅವರು ಒಂದು "ಹೂಂ" ಎಂದರೆ ಸಾಕು. ಈಗೆಲ್ಲ ಸಡಿಲವೇ ಫ್ಯಾಷನ್ನು ಎಂದು ಒಂದು ಮಾತು ಸೇರಿಸಿದರೆ ಮುಗಿಯಿತು. ಗಿರಾಕಿಯೇ ಒಪ್ಪಿದ ಮೇಲೆ ಮಗಳು ಏನೆನ್ನುತ್ತಾಳೆ? ಕತ್ತರಿ ಕೈಯಲ್ಲೇ ಉಳಿಯುತ್ತದೆ, ಕಿಟಕಿ ಪಕ್ಕದ ಮೇಜೂ ಉಳಿಯುತ್ತದೆ. ಆ ಮಾತು ನಾಲಗೆಯ ತುದಿಗೆ ಬಂದೂ ಇತ್ತು.

ಅಷ್ಟರಲ್ಲಿ ಕನ್ನಡಿಯಲ್ಲಿ ವಕೀಲರು ಒಂದು ಕೆಲಸ ಮಾಡಿದರು. ದೊಡ್ಡದಾಗಿ ಉಸಿರೆಳೆದು, ಎದೆ ಉಬ್ಬಿಸಿ, ಕತ್ತು ನಿಮಿರಿಸಿ, ಆ ಕೋಟನ್ನು ತುಂಬಲು ನೋಡಿದರು. ಹಿಡಿದ ಉಸಿರು ನಿಲ್ಲಲಿಲ್ಲ. ಕೆಮ್ಮು ಬಂತು, ಮತ್ತೆ ಬಂತು, ಭುಜ ಕುಗ್ಗಿತು. ಕೋಟು ಅವರ ಸುತ್ತ ಮತ್ತೆ ಕುಸಿಯಿತು. ಅವರು ಅವಸರದಲ್ಲಿ ಬಾಯಿ ಒರೆಸಿಕೊಂಡು, ಯಾರೂ ನೋಡಲಿಲ್ಲವೆಂಬಂತೆ ಗುಂಡಿ ಸರಿಮಾಡಿಕೊಂಡರು.

ಮಾಸ್ಟರಿಗೆ ತಡೆಯಲಾಗಲಿಲ್ಲ. ಅಪ್ಪನ ಕೋಟು ತೊಟ್ಟ ಮಗುವಿನಂತೆ ಈ ಮನುಷ್ಯ ಗೋಡೆಯ ಮೇಲೆ ವರ್ಷಗಟ್ಟಲೆ ನಿಲ್ಲಬೇಕೆ?

"ತೆಗೀರಿ ವಕೀಲ್ರೇ," ಎಂದರು. "ತಪ್ಪು ನಂದು. ಅಳತೆ ತಗೊಳ್ಲಿಲ್ಲ ನಾನು."

"ನಂಗೆ ಏಳೋಕೆ ಕಷ್ಟ ಆಗುತ್ತೆ ಅಂತ ತಾನೇ..."

"ಅಲ್ಲ." ಮಾಸ್ಟರು ಕೊರಳಲ್ಲಿದ್ದ ಟೇಪು ತೆಗೆದು ಕೈಗೆ ಸುತ್ತಿಕೊಂಡರು. "ನಂಗೆ ನಾನೇ ಹಾಗೆ ಹೇಳ್ಕೊಂಡಿದ್ದೆ. ಇದರ ಅಂಕಿ ಕಾಣ್ಸಲ್ಲ ನಂಗೆ. ಹೋದ ವರ್ಷದಿಂದ್ಲೇ."

ಮಗಳು ಎದ್ದು ನಿಂತಳು. "ಹೊಸ ಕನ್ನಡಕ ಮಾಡ್ಸಿದ್ವಲ್ಲಪ್ಪಾ?"

"ಕನ್ನಡಕ ಹಾಕಿದ್ರೂ ಅಷ್ಟೇ. ನಡುವೆ ಅಳಿಸಿದ ಹಾಗೆ ಇರುತ್ತೆ. ಇನ್ನು ಸರಿಹೋಗಲ್ಲ ಅಂದ್ರು ಡಾಕ್ಟ್ರು. ನಿಂಗೆ ಹೇಳ್ಲಿಲ್ಲ."

ಹೇಳಿ ಮುಗಿಸಿದ ಮೇಲೆ ತುಂಬ ದಣಿವಾಯಿತು. ಮೆಟ್ಟಿಲು ಹತ್ತಿ ಬಂದವರು ತಾವೇ ಎನ್ನುವ ಹಾಗೆ ಮೇಜಿಗೆ ಕೈಯೂರಿ ನಿಂತರು. ಮಗಳು ಬೈಯಲಿಲ್ಲ. ಅಳತೆ ಬರೆಯುವ ಪುಸ್ತಕ ತೆಗೆದುಕೊಂಡು ಬಂದು ಪಕ್ಕದಲ್ಲಿ ನಿಂತಳು.

ವಕೀಲರ ಬೆನ್ನ ಮೇಲೆ ಮಾಸ್ಟರು ಬೆರಳಾಡಿಸಿ ಭುಜದ ಮೂಳೆ ಹುಡುಕಿ, ಟೇಪಿನ ತುದಿಯನ್ನು ಒತ್ತಿ ಹಿಡಿದರು. ಇನ್ನೊಂದು ತುದಿಯನ್ನು ಮಗಳು ಹಿಡಿದಳು. ಎಲ್ಲಿ ಹಿಡಿಯಬೇಕೆಂಬುದರಲ್ಲಿ ಆ ಬೆರಳು ಒಂದು ಕೂದಲೆಳೆಯಷ್ಟೂ ತಪ್ಪಲಿಲ್ಲ.

"ಹದಿನಾರು," ಎಂದಳು ಮಗಳು.

ಟೇಪು ಎದೆಯನ್ನು ಸುತ್ತಿ ಬಂತು. "ಮೂವತ್ತೈದು." ಅವಳ ದನಿ ಸಣ್ಣದಾಗಿತ್ತು.

"ನಲವತ್ತಿತ್ತಲ್ಲ," ವಕೀಲರು ಕೇಳಿದರು. "ಉಳಿದ ಐದಿಂಚು ಯಾರು ಕದ್ರು? ಯಾರ ಮೇಲೆ ಕೇಸು ಹಾಕೋಣ ಮಾಸ್ಟ್ರೇ?"

"ನನ್ನ ಕಣ್ಣಿನ ಕೇಸೂ ಒಂದಿದೆ, ಸೇರಿಸ್ಕೊಳ್ಳಿ," ಎಂದರು ಮಾಸ್ಟರು. ಈ ಸಲ ಇಬ್ಬರು ಮುದುಕರೂ ನಕ್ಕರು. ಮಗಳು ಪುಸ್ತಕದಿಂದ ತಲೆ ಎತ್ತಲಿಲ್ಲ.

ನಾಳೆ ಸಂಜೆ ಬರುವುದಾಗಿ ಹೇಳಿ ವಕೀಲರು ಒಂದೊಂದೇ ಮೆಟ್ಟಿಲು ಇಳಿದು ಹೋದರು. ಅಪ್ಪ ಮಗಳು ಕೂತು ಕೋಟಿನ ಹೊಲಿಗೆ ಬಿಚ್ಚಿದರು. ದೊಡ್ಡದನ್ನು ಚಿಕ್ಕದು ಮಾಡಬಹುದು. ಅಷ್ಟರ ಮಟ್ಟಿಗೆ ಬಟ್ಟೆ ಕ್ಷಮಿಸುತ್ತದೆ. ಬಿಚ್ಚಿದ ತುಂಡುಗಳನ್ನು ಮಾಸ್ಟರೇ ಮೇಜಿನ ಮೇಲೆ ಹರವಿ, ಅಂಗೈಯಿಂದ ನೀವಿ ಸುಕ್ಕು ಬಿಡಿಸಿದರು. ಆಮೇಲೆ ಯಾರೂ ಹೇಳದೆಯೇ ಈಚೆ ಬಂದು, ಗೋಡೆಯ ಬಳಿಯ ಮೋಟು ಸ್ಟೂಲಿನ ಮೇಲೆ, ಗುಂಡಿ ಡಬ್ಬಿಯ ಪಕ್ಕ ಕುಳಿತರು. ಮಗಳು ಮೇಜಿನ ಮುಂದೆ ಬಂದಳು. ಸೀಮೆಸುಣ್ಣ ತೆಗೆದುಕೊಂಡು ಹೊಸ ಅಳತೆಗೆ ಗೆರೆ ಎಳೆದಳು.

"ಅಪ್ಪಾ, ಒಳಗೆ ಎಷ್ಟು ಬಿಡ್ಲಿ?"

ತೊಡುವವರು ಮುಂದೆ ಮೈ ತುಂಬಿಕೊಂಡರೆ ಬಿಚ್ಚಿ ಸಡಿಲಿಸಲೆಂದು ಹೊಲಿಗೆಯ ಒಳಗೆ ಮಡಚಿಡುವ ಬಟ್ಟೆ ಅದು. ಎಷ್ಟು ಬಿಡಬೇಕೆಂದು ಅವಳಿಗೆ ಗೊತ್ತಿಲ್ಲದ್ದೇನಲ್ಲ.

"ಮಾಮೂಲಿ ಒಂದಿಂಚು," ಎಂದು ಅವಳೇ ಮುಂದುವರಿಸಿದಳು. "ಆದ್ರೆ ವಕೀಲ್ ಮಾಮ ಇನ್ನು..."

ಮಾಸ್ಟರು ಸೂಜಿಯ ಕಣ್ಣಿಗೆ ದಾರ ಹಿಡಿದಿದ್ದರು. ದಾರ ಪಕ್ಕಕ್ಕೆ ಹೋಯಿತು.

"ಎರಡಿಂಚು ಬಿಡು," ಎಂದರು.

"ಎರಡಾ?"

"ಬಿಡಮ್ಮಾ. ಒಳಗಿರುತ್ತೆ, ಯಾರಿಗೂ ಕಾಣಲ್ಲ."

ಮಗಳು ಬಗ್ಗಿ, ಎಳೆದಿದ್ದ ಗೆರೆಯಿಂದ ಎರಡು ಇಂಚು ಆಚೆಗೆ ಇನ್ನೊಂದು ಗೆರೆ ಎಳೆದು, ಆ ಗೆರೆಯ ಮೇಲೆ ಕತ್ತರಿ ಇಟ್ಟಳು.