ತಿರುಗಿಸುವವನು ಮೇಲೆ ನೋಡಬಾರದು

ಮಾಚೇನಹಳ್ಳಿಯ ಶೆಡ್ಡೊಂದರ ಅಂಗಳದಲ್ಲಿ ಹಾಯಿದೋಣಿಯೊಂದು ಮರದ ತೊಲೆಗಳ ಮೇಲೆ ಕೂತಿತ್ತು. ಸಮುದ್ರಕ್ಕೂ ಮಾಚೇನಹಳ್ಳಿಗೂ ನಡುವೆ ಇಡೀ ಘಟ್ಟವೇ ಇದೆ. ಹಾಗಾಗಿ ಲಾರಿ ಡ್ರೈವರುಗಳು ವೇಗ ತಗ್ಗಿಸಿ, ಕತ್ತು ಹೊರಗೆ ಹಾಕಿ, ನಕ್ಕು ಮುಂದೆ ಹೋಗುತ್ತಿದ್ದರು. ಹಡಗಿನಲ್ಲಿ ಇಂಜಿನಿಯರಾಗಿದ್ದು ನಿವೃತ್ತರಾದ ಶಂಕರನಾರಾಯಣರಿಗೆ ಆ ನಗುವಿನ ಚಿಂತೆಯಿರಲಿಲ್ಲ. ಹಳೆಯ ದೋಣಿ ಕೊಂಡು ತಂದು ರಿಪೇರಿ ಮಾಡಿಸಿದ್ದರು. ಇಲ್ಲೇ ಹಾಯಿಕಂಬ ನಿಲ್ಲಿಸಿ, ಅದನ್ನು ಹಿಡಿದಿಡುವ ತಂತಿಗಳನ್ನು ಹದಕ್ಕೆ ತಂದು, ಗುರುತು ಹಾಕಿಕೊಂಡು, ಆಮೇಲೆ ಬಿಚ್ಚಿ ಕಾರವಾರಕ್ಕೆ ಒಯ್ಯುವುದು ಅವರ ಯೋಚನೆ.

ಕಂಬ ನಿಲ್ಲಿಸಲು ಅವರು ಭಾರದ ಕಂಬಗಳನ್ನು ಎತ್ತಿ ನಿಲ್ಲಿಸುವ ಖಲಾಸಿ ಚೌಡಯ್ಯನನ್ನು ಕರೆಸಿದ್ದರು. ಚೌಡಯ್ಯ ಜೊತೆಗೆ ಕರೆಸಿದ್ದು ತನ್ನ ಹೆಂಡತಿಯ ತಮ್ಮ ಕಾಂತರಾಜನನ್ನು. ಆ ಇಬ್ಬರ ನಡುವೆ ಹನ್ನೊಂದು ವರ್ಷದಿಂದ ಮಾತಿಲ್ಲ ಎನ್ನುವುದು ಪಾಪ, ಇಂಜಿನಿಯರಿಗೇನು ಗೊತ್ತು.

ಕಾಂತರಾಜನಿಗೆ ಕಸುಬು ಕಲಿಸಿದ್ದೇ ಭಾವ. ಕೂಗುವವನೊಬ್ಬ, ತಿರುಗಿಸುವವನೊಬ್ಬ. ಕೂಗುವವನು ಕಂಬಕ್ಕೆ ಕೆನ್ನೆ ಹಚ್ಚಿ, ತುದಿಯವರೆಗೆ ಕಣ್ಣು ಹಾಯಿಸಿ, ಬಿಗಿ, ಸಡಿಲ, ಸಾಕು ಎನ್ನಬೇಕು. ತಿರುಗಿಸುವವನು ತಂತಿಯ ಬುಡದಲ್ಲಿರುವ ಬಿಗಿಯುವ ತಿರುಪನ್ನು, ಅಂದರೆ ಟರ್ನ್‌ಬಕಲ್ಲನ್ನು, ಹೇಳಿದಷ್ಟು ತಿರುಗಿಸಬೇಕು, ತಲೆ ಎತ್ತಬಾರದು. ಮೇಲೆ ನೋಡಿದರೆ ಅವನಿಗೂ ಒಂದು ಅಭಿಪ್ರಾಯ ಹುಟ್ಟುತ್ತದೆ, ಕಂಬ ಎರಡು ಬುದ್ಧಿಗೆ ಸಿಕ್ಕಿ ಹಾಳಾಗುತ್ತದೆ ಎನ್ನುವುದು ಚೌಡಯ್ಯನ ಪಾಠ. ಮೊದಮೊದಲು ಕಾಂತರಾಜ ಕತ್ತೆತ್ತಿದಾಗಲೆಲ್ಲ ಭಾವ ತಲೆಗೆ ಮೊಟಕುತ್ತಿದ್ದ.

ಆ ಪಾಠವೇ ಕಾಂತರಾಜನ ಅನ್ನ ಕಳೆಯಿತು. 1992ರಲ್ಲಿ ಇಬ್ಬರೂ ಕೆಲಸಕ್ಕಿದ್ದ ಫೌಂಡ್ರಿಯ ಕಬ್ಬಿಣದ ಚಿಮಣಿಗೆ ತಂತಿ ಬಿಗಿಯುತ್ತಿದ್ದಾಗ ಚಿಮಣಿ ಮಡಚಿಕೊಂಡು ಶೆಡ್ಡಿನ ಮೇಲೆ ಬಿತ್ತು. ಜೀವ ಹೋಗಲಿಲ್ಲ, ಪುಣ್ಯ. ವಿಚಾರಣೆಯಲ್ಲಿ ಚೌಡಯ್ಯ, "ನಾನು ಸಾಕು ಅಂದೆ. ಇವನು ಕೇಳಿಸ್ಕೊಳ್ಳಲಿಲ್ಲ" ಎಂದ. ಅವನು ಸಾಕು ಎಂದಿರಲೇ ಇಲ್ಲ. ಚಿಮಣಿ ಬಾಗುತ್ತಿದ್ದುದು ನಿನಗೆ ಕಾಣಲಿಲ್ಲವೇನಯ್ಯಾ ಎಂದು ಕೇಳಿದ್ದಕ್ಕೆ ಕಾಂತರಾಜ, "ನಾವು ಮೇಲೆ ನೋಡೋ ಹಾಗಿಲ್ಲ ಸಾರ್" ಎಂದ. ಅಲ್ಲಿದ್ದವರೆಲ್ಲ ನಕ್ಕರು. ಕಾಂತರಾಜನ ಕೆಲಸ ಹೋಯಿತು, ಚೌಡಯ್ಯ ಮೇಸ್ತ್ರಿಯಾದ.

ಕೆಲಸ ಹೋದದ್ದನ್ನು ಕಾಂತರಾಜ ಹೇಗೋ ನುಂಗಿಕೊಂಡ. ಶಿವಮೊಗ್ಗದಲ್ಲಿ ಶಾಮಿಯಾನ ಹಾಕುವ ಕಸುಬು ಹಿಡಿದ. ನುಂಗಲಾಗದೆ ಉಳಿದದ್ದು ಅಕ್ಕ ಕರಿಬಸಮ್ಮ. ತಾಯಿ ಸತ್ತ ಮೇಲೆ ಅವನನ್ನು ಎತ್ತಿ ಆಡಿಸಿ ಬೆಳೆಸಿದವಳು, "ತಾನು ತಪ್ಪು ಮಾಡಿ ನನ್ ಗಂಡನ ಮೇಲೆ ಹಾಕ್ತಾನೆ" ಎಂದು ತವರಿನ ಹೊಸ್ತಿಲು ತುಳಿಯುವುದನ್ನೇ ಬಿಟ್ಟಳು. ಆ ವರ್ಷ ಗೌರಿಹಬ್ಬಕ್ಕೆ ಅವನು ಬಾಗಿನದ ಮೊರ ಹಿಡಿದು ಭದ್ರಾವತಿಯ ಜನ್ನಾಪುರಕ್ಕೆ ಹೋದರೆ, ಒಳಗಿನಿಂದ ಅಗುಳಿ ಹಾಕಿಕೊಂಡಳು. ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ವಾಪಸು ಬರುವಾಗ, ಮೂವತ್ತು ದಾಟಿದ ಗಂಡಸು ಜನರ ಎದುರೇ ಅತ್ತುಬಿಟ್ಟಿದ್ದ.

ಈಗ ಚೌಡಯ್ಯನೇ ಹೇಳಿ ಕಳಿಸಿದ್ದ: "ಇದೊಂದು ಕೆಲ್ಸ ಮಾಡ್ಕೊಡು ಮಾರಾಯ. ಈ ಸಲ ಗೌರಿಗೆ ನಿಮ್ಮಕ್ಕನ್ನ ನಾನೇ ಕಳಿಸ್ತೀನಿ." ಕಾಂತರಾಜ ಬಂದದ್ದು ಆ ಒಂದು ಮಾತಿಗೆ. ದೋಣಿ ತೇಲಿದರೇನು, ಮುಳುಗಿದರೇನು.

ಕಂಬಕ್ಕೆ ಮುಂದೊಂದು, ಹಿಂದೊಂದು ತಂತಿ, ಎರಡೂ ಮಗ್ಗುಲಿಗೆ ಮತ್ತಷ್ಟು. "ತುದಿ ನಟ್ಟನಡುವೆ ಇರ್ಬೇಕು, ಎಲ್ಲೂ ಬಾಗಬಾರ್ದು. ಗಾಳಿಯಲ್ಲಿ ಈ ತಂತಿಗಳೇ ನನ್ನ ಪ್ರಾಣ" ಎಂದು ಹೇಳಿ ಶಂಕರನಾರಾಯಣರು ಯಾರಿಗೋ ಫೋನು ಮಾಡಲು ಶೆಡ್ಡಿನೊಳಗೆ ಹೋದರು.

ಇಬ್ಬರೂ ದೋಣಿ ಹತ್ತಿದರು. ಚೌಡಯ್ಯ ಕಂಬಕ್ಕೆ ಕೆನ್ನೆ ಹಚ್ಚಿದ.

"ಎಡ, ಒಂದು ಸುತ್ತು."

ಕಾಂತರಾಜ ತಲೆ ತಗ್ಗಿಸಿ ತಿರುಗಿಸಿದ.

"ಇನ್ನೊಂದು."

ಅದೇ ಹಳೆಯ ಧ್ವನಿ. ಕಾಂತರಾಜನಿಗೆ ನಾಚಿಕೆಗೆಟ್ಟ ಸಂತೋಷವೂ ಆಯಿತು. ಆದರೆ ಎಡಗಡೆಯ ತಂತಿ ಮುಟ್ಟಿದರೆ ಸರಳಿನಂತೆ ಬಿರುಸಾಗಿತ್ತು, ಬಲಗಡೆಯದು ಜೋಲುತ್ತಿತ್ತು.

"ಎಡ, ಇನ್ನೂ ಒಂದು."

ಕಸುಬು ಕೈಗೆ ಹತ್ತಿದ ಮೇಲೆ ಮೊದಲ ಸಲ ಕಾಂತರಾಜ ತಲೆ ಎತ್ತಿದ. ಕಂಬದ ತುದಿ ಎಡಕ್ಕೆ ವಾಲಿತ್ತು, ರಸ್ತೆಯ ಲಾರಿಯವನಿಗೂ ಕಾಣುವಷ್ಟು.

"ಭಾವ, ಕಂಬ ಎತ್ತೋ ಮುಂಚೆ ತುದಿಗೊಂದು ಕೆಂಪು ಬಟ್ಟೆ ಕಟ್ಟಿದ್ದೆ. ಕಾಣುತ್ತಾ?"

"ಕಾಣ್ದೇ ಏನು, ಚೆನ್ನಾಗೇ ಕಾಣುತ್ತೆ. ನೀನು ತಿರುಗಿಸು."

ತುದಿಯಲ್ಲಿ ಯಾವ ಬಟ್ಟೆಯೂ ಇರಲಿಲ್ಲ.

ಕಾಂತರಾಜನಿಗೆ ಹಳೆಯದೊಂದು ನೆನಪಾಯಿತು. ಫೌಂಡ್ರಿಯಲ್ಲಿ ವರ್ಷವರ್ಷ ನಡೆಯುತ್ತಿದ್ದ ಕಣ್ಣಿನ ಪರೀಕ್ಷೆಗೆ ಭಾವ ಮೊದಲು ತನ್ನನ್ನು ಒಳಗೆ ಕಳಿಸುತ್ತಿದ್ದ. ಗೋಡೆಯ ಮೇಲಿನ ಅಕ್ಷರಗಳನ್ನು ಕೇಳಿಕೊಂಡು, ಬಾಯಿಪಾಠ ಮಾಡಿ ಆಮೇಲೆ ತಾನು ಹೋಗುತ್ತಿದ್ದ. ಆಗ ಅದೊಂದು ತಮಾಷೆಯಾಗಿತ್ತು. ಅಂದರೆ ಚಿಮಣಿಯ ತುದಿಯೂ ಇವನಿಗೆ ಕಂಡಿರಲಿಲ್ಲ. ಕಾಣದೆಯೇ ಕೂಗಿದ್ದ, ಆಮೇಲೆ ನೆಟ್ಟಗೆ ನಿಂತು ಸಾಕ್ಷಿ ಹೇಳಿದ್ದ.

"ನಿಮಗೆ ಕಣ್ಣು ಕಾಣಲ್ಲ ಭಾವ. ಆವತ್ತೂ ಕಾಣ್ತಿರ್ಲಿಲ್ಲ."

"ಮೆಲ್ಲಗೆ ಮಾತಾಡು" ಎಂದ ಚೌಡಯ್ಯ. ಕೆನ್ನೆಯನ್ನು ಕಂಬದಿಂದ ತೆಗೆಯಲಿಲ್ಲ.

ಅಷ್ಟರಲ್ಲಿ ಶಂಕರನಾರಾಯಣರು ಹೊರಗೆ ಬಂದು ನಿಂತಲ್ಲೇ ನಿಂತರು. "ಏನ್ರೀ ಇದು, ಕಂಬ ಬಾಗಿದೆಯಲ್ಲ. ಯಾರು ಹೀಗೆ ಬಿಗಿದಿದ್ದು?"

"ನಾನು ಸಾಕು ಅಂದೆ ಸಾರ್. ಇವನು ಕೇಳಿಸ್ಕೊಳ್ಳಲಿಲ್ಲ."

ಅದೇ ಮಾತು. ಕಾಂತರಾಜನ ಮೈ ಉರಿದುಹೋಯಿತು. ಇಲ್ಲದ ಬಟ್ಟೆಯ ವಿಷಯ ಒಂದು ಬಾಯಿಬಿಟ್ಟರೆ ಸಾಕಿತ್ತು, ಹನ್ನೊಂದು ವರ್ಷದ ಸುಳ್ಳು ಇಂಜಿನಿಯರ ಎದುರು ಅಲ್ಲೇ ಬಯಲಾಗುತ್ತಿತ್ತು. ಮಾತು ನಾಲಿಗೆಯ ತುದಿಗೂ ಬಂದಿತ್ತು. ಆಗ ಚೌಡಯ್ಯ ಯಾರ ಕಡೆಗೂ ನೋಡದೆ, "ಮುಂದಿನ ವಾರ ಗೌರಿಹಬ್ಬ" ಎಂದ.

ಕಾಂತರಾಜ ಕೈಯಲ್ಲಿದ್ದ ಸ್ಪ್ಯಾನರನ್ನು ಒಮ್ಮೆ ನೋಡಿಕೊಂಡ.

"ಹೌದು ಸಾರ್. ನಂಗೆ ಕೇಳಿಸ್ಲಿಲ್ಲ. ತಪ್ಪು ನಂದೇ."

ಆಮೇಲೆ ಎಡಗಡೆಯನ್ನು ಸಡಿಲಿಸಿ, ತಾನೇ ಕೆನ್ನೆ ಹಚ್ಚಿ ನೋಡಿ, ತಾನೇ ಹೋಗಿ ತಿರುಗಿಸಿ, ಮತ್ತೆ ಬಂದು ನೋಡಿ, ಸಂಜೆಯೊಳಗೆ ಕಂಬವನ್ನು ನೇರ ಮಾಡಿದ. ಚೌಡಯ್ಯ ಕೆಳಗೆ ನೆರಳಿನಲ್ಲಿ ಬೀಡಿ ಸೇದುತ್ತ, ಬಾಯಿಗೆ ಬಂದದ್ದನ್ನು ಕೂಗುತ್ತಲೇ ಇದ್ದ.

ಚೌಡಯ್ಯ ಆಡಿದ ಮಾತು ಉಳಿಸಿಕೊಂಡ ಎನ್ನಬೇಕು. ಗೌರಿಹಬ್ಬದ ದಿನ ಕರಿಬಸಮ್ಮ ಶಿವಮೊಗ್ಗದ ಬಸ್ಸಿಳಿದು ತಮ್ಮನ ಮನೆಗೆ ಬಂದಳು. ಕೂದಲೆಲ್ಲ ನರೆತಿತ್ತು. ಕಾಂತರಾಜನ ಹೆಂಡತಿ ಹೊಸ ಮೊರದಲ್ಲಿ ಬಳೆ, ಅರಿಸಿನ, ಕುಂಕುಮ, ಬೇಳೆ, ಬೆಲ್ಲ ಜೋಡಿಸಿಟ್ಟಿದ್ದಳು. ಅಕ್ಕ ಸೆರಗು ಹೊದಿಸಿ ಬಾಗಿನ ತೆಗೆದುಕೊಂಡು ಕಣ್ಣೊರೆಸಿಕೊಂಡಳು.

"ನಿಮ್ ಭಾವ ಎಲ್ಲಾ ಹೇಳಿದ್ರು ಕಾಂತ. ಆ ಸಾರ್ ಎದುರಿಗೆ ತಪ್ಪು ಒಪ್ಕೊಂಡ್ಯಂತೆ" ಎಂದಳು. "ಇದನ್ನೇ ಆವತ್ತು ಒಪ್ಕೊಂಡಿದ್ರೆ, ಇಷ್ಟು ವರ್ಷ ನಾನು ತವರಿಲ್ಲದೋಳ ಹಾಗೆ ಇರ್ಬೇಕಿತ್ತಾ?"

ಕಾಂತರಾಜ ಬಾಗಿ ಅವಳ ಕಾಲು ಮುಟ್ಟಿದ. ಅಕ್ಕ ಅವನ ತಲೆಯ ಮೇಲೆ ಕೈಯಿಟ್ಟು, "ಹೋಗ್ಲಿ ಬಿಡು, ಕ್ಷಮಿಸಿದೀನಿ" ಎಂದಳು. ಅವನು ಮೇಲೆ ನೋಡಲಿಲ್ಲ.