ಬಲಗಿವಿ

ನಮ್ಮವರ ಹೆಸರು ಮೌನೇಶ್, ಸದ್ದು ಮಾತ್ರ ಊರೆಲ್ಲ. ಮಕ್ತಲ್‌ನಲ್ಲಿ ಭಜನೆಗೆ ತಬಲಾ, ಮೊಹರಮ್ಮಿಗೆ ಪೀರುಗಳ ಮುಂದೆ ಹಲಗೆ, ನಾರಾಯಣಪೇಟೆಯ ಚರ್ಚಿನಲ್ಲಿ ಡ್ರಮ್ಸ್, ಹೈದರಾಬಾದಿಗೆ ಹೋದರೆ ಖವ್ವಾಲಿಗೆ ಢೋಲಕ್. ಆಫ್ರಿಕಾದ ಜೆಂಬೆಯನ್ನೂ ಫೋನಿನಲ್ಲಿ ನೋಡಿ ಕಲಿತರು. ಯಾವ ದೇವರು ಕರೆದರೂ ಓಡುವ ಮನುಷ್ಯನಿಗೆ ಹೆಂಡತಿ ಕರೆದರೆ ಮಾತ್ರ ಕೇಳಿಸುವುದಿಲ್ಲ ಎಂದು ಬಯ್ಯುತ್ತಿದ್ದೆ. ಹೋದ ಬೇಸಿಗೆಯಲ್ಲಿ ಗೊತ್ತಾಯಿತು, ನಿಜವಾಗಿಯೇ ಕೇಳಿಸುತ್ತಿರಲಿಲ್ಲ.

ಬಲಗಿವಿ ಪೂರ್ತಿ ಹೋಗಿದೆ ಎಂದರು ರಾಯಚೂರಿನ ಡಾಕ್ಟರು. ಹೀಗೇ ದೊಡ್ಡ ಸ್ಪೀಕರುಗಳ ನಡುವೆ ಕೂತು ಬಾರಿಸಿದರೆ ಎಡಗಿವಿಯೂ ಉಳಿಯುವುದಿಲ್ಲವಂತೆ. ಹೊರಗೆ ಬಂದವರೇ ಇವರು ನನ್ನಿಂದ ಆಣೆ ಹಾಕಿಸಿಕೊಂಡರು.

"ಯಾರಿಗೂ ಹೇಳಬ್ಯಾಡ ಪ್ರಶಾಂತಿ. ಕಿವುಡಗ ಯಾರು ಕೆಲಸ ಕೊಡ್ತಾರ?"

ಅಂದಿನಿಂದ ನಾನೇ ಅವರ ಬಲಗಿವಿ. ಆ ಕಡೆ ಯಾರು ಏನೇ ಅಂದರೂ ಇವರು ನಕ್ಕು ತಲೆಯಾಡಿಸುತ್ತಾರೆ, ನಾನು ಎಡಕ್ಕೆ ಬಂದು ಅದನ್ನೇ ಮತ್ತೆ ಹೇಳುತ್ತೇನೆ.

ಮೊನ್ನೆ ಗದ್ವಾಲದ ಕಲ್ಯಾಣ ಮಂಟಪದಲ್ಲಿ ಪರೀಕ್ಷೆಯಿತ್ತು. ಹೈದರಾಬಾದಿನ ಚಂದ್ರಕಾಂತ್ ಎಂಬವರು ತಮ್ಮ ಸಂಗೀತ ತಂಡದ ವಿದೇಶ ತಿರುಗಾಟಕ್ಕೆ ಒಬ್ಬ ತಾಳವಾದ್ಯದವರನ್ನು ಹುಡುಕುತ್ತಿದ್ದರು. ತಿಂಗಳುಗಟ್ಟಲೆ, ದಿನಕ್ಕೊಂದು ಊರು, ಮೈದಾನ ನಡುಗುವಂಥ ಸ್ಪೀಕರು. ನಮ್ಮವರು ಪ್ರಾಯದಿಂದ ಕಂಡ ಕನಸು ಅದು. ಇವರು ಗೆಲ್ಲಲಿ ಎಂದು ಬೇಡಿಕೊಳ್ಳಬೇಕೋ, ಸೋಲಲಿ ಎಂದೋ, ನನಗೇ ತಿಳಿಯಲಿಲ್ಲ.

ಆ ತಂಡದಲ್ಲಿ ದಾಸರ ಪದ ಹಾಡುವ ರಾಧಾಬಾಯಿ ಇವರ ಎಡಕ್ಕೆ ಕೂತರು. ಅದೇ ತಂಡದ, ಸೆನೆಗಲ್ಲಿನಿಂದ ಬಂದ ಜೆಂಬೆಯವನು ಹೋಗಿ ಹೋಗಿ ಬಲಕ್ಕೇ ಕೂತ. ಮುಂದಿನ ಸಾಲಿನಲ್ಲಿ ಕೂತು, ಇವರಿಗೆ ಕಾಣುವಂತೆ ತೊಡೆಯ ಮೇಲೆ ತಾಳ ಹಾಕತೊಡಗಿದೆ.

ಪದದ ನಡುವೆ ಜೆಂಬೆಯವನು ಇದ್ದಕ್ಕಿದ್ದಂತೆ ತಾಳದ ನಡೆ ಬದಲಿಸಿದ. ಎಡಗಿವಿಯಲ್ಲಿ ಹಾಡಷ್ಟೇ ತುಂಬಿಕೊಂಡ ಇವರು ಹಳೆಯ ನಡೆಯಲ್ಲೇ ಹೋಗುತ್ತಿದ್ದರು. ರಾಧಾಬಾಯಿ ಹುಬ್ಬು ಗಂಟಿಕ್ಕಿದರು. ಕೈ ಕಟ್ಟಿ ಸುಮ್ಮನೆ ಕೂತಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಹಾಳಾದ ಕೈ ಕೇಳಬೇಕಲ್ಲ! ಹೊಸ ನಡೆಗೆ ಜೋರಾಗಿ ತಾಳ ಹಾಕಿದೆ. ಇವರು ಒಮ್ಮೆ ನೋಡಿದರು, ಮರುಕ್ಷಣವೇ ಹಿಡಿದರು. ಆಮೇಲೆ ಅವನನ್ನೇ ಹಿಂದೆ ಹಾಕಿ ಓಡಿದರು. ಮಂಟಪವೆಲ್ಲ ಚಪ್ಪಾಳೆ. ನನಗೆ ಹೆಮ್ಮೆಗೂ ಹೆದರಿಕೆಗೂ ಒಟ್ಟಿಗೇ ಅಳು ಬಂತು.

ಕುರ್ಚಿಗಳನ್ನು ಎಳೆದು ಜೋಡಿಸುವ ಗದ್ದಲದಲ್ಲಿ ಚಂದ್ರಕಾಂತ್ ಬಂದು ಇವರ ಬಲಕ್ಕೆ ನಿಂತರು.

"ನೀವೇ ಬರಬೇಕ್ರಿ ಮೌನೇಶಣ್ಣ. ಡಿಸೆಂಬರಿಗೆ ಹೊರಡೂಣು."

ಇವರು ನಕ್ಕು ತಲೆಯಾಡಿಸಿದರು. ಏನೂ ಕೇಳಿಸಿರಲಿಲ್ಲ. ನಾನು ಎಡಕ್ಕೆ ಬರುತ್ತೇನೆಂದು ನನ್ನ ಮುಖ ನೋಡಿದರು.

ನಾನು ಎಡಕ್ಕೆ ಹೋಗಲಿಲ್ಲ. ಚಂದ್ರಕಾಂತರ ಪಕ್ಕಕ್ಕೇ ಹೋಗಿ, ಸೆರಗು ಬಾಯಿಗೆ ಅಡ್ಡ ಹಿಡಿದು ಹೇಳಿದೆ.

"ಸಾರ್, ಇವರಿಗೆ ಈ ಕಿವಿ ಕೇಳ್ಸಂಗಿಲ್ಲರಿ. ನೀವು ಕರ್ಕೊಂಡು ಹೋದ್ರ ಆ ಕಿವಿನೂ ಹೋಗ್ತೈತಿ. ಕೈ ಮುಗೀತೀನಿ, ಇವರನ್ನ ಬಿಟ್ಟುಬಿಡ್ರಿ."

ಚಂದ್ರಕಾಂತರ ಮುಖ ಇಳಿಯಿತು. ಅವರು ಇವರ ಕಡೆ ತಿರುಗಿದರು.

ಹೆಂಡತಿ ತನ್ನ ಪರವಾಗಿ ಉಪಕಾರ ನೆನೆಯುತ್ತಿದ್ದಾಳೆ ಎಂದುಕೊಂಡ ನಮ್ಮವರು, ಎರಡೂ ಕೈ ಜೋಡಿಸಿ, "ಎಲ್ಲಾ ನಿಮ್ಮ ದಯಾರಿ ಸಾರ್" ಎಂದರು.