ಕೆಂಚಕ್ಕ ಬುದ್ಧನ ಗುಡ್ಡ ಹತ್ತಿದ್ದು

ಗಂಡ ದೊಡ್ಡೀರಪ್ಪ ಸತ್ತು ಮೂರು ವರ್ಷ ತುಂಬಿದ ದಿನ, ಬೆಳಿಗ್ಗೆ ಬೆಳಿಗ್ಗೆಯೇ ಕೆಂಚಕ್ಕ ಚಳ್ಳಕೆರೆಯಲ್ಲಿ ಶಕೀಲನ ಗ್ಯಾರೇಜಿನ ಮುಂದೆ ಬಂದು ನಿಂತಳು.

"ಶಕೀಲಾ, ಬುದ್ಧನ ಗುಡ್ಡಕ್ಕೆ ಕರ್ಕಂಡು ಹೋಗ್ತೀಯೇನಪ್ಪಾ? ಬಸ್ಸು ಸಿದ್ದಾಪುರದಾಗೇ ನಿಲ್ತೈತಂತೆ. ಅಲ್ಲಿಂದ ನಡೆಯಾಕೆ ನನ್ ಕೈಲಿ ಆಗಲ್ಲ."

ಗುಡ್ಡದ ಮೇಲೆ ಯಾರಿದ್ದಾರೆಂದು ಶಕೀಲನಿಗೆ ಗೊತ್ತಿತ್ತು. ಕೆಂಚಕ್ಕನ ಒಬ್ಬನೇ ಮಗ ಗಂಗರಾಜು ಅವನ ಜೊತೆ ಹೈಸ್ಕೂಲು ಓದಿದವನು. ಬೌದ್ಧ ದೀಕ್ಷೆ ತೆಗೆದುಕೊಂಡು, ಸಿದ್ದಾಪುರದಾಚೆಯ ಬಂಡೆಗುಡ್ಡದ ಮೇಲೆ ಕೆಲವರು ಸೇರಿ ಕಟ್ಟಿಸಿದ ಸಣ್ಣ ಬುದ್ಧ ಮಂದಿರವನ್ನು ನೋಡಿಕೊಂಡಿದ್ದ. ಅಪ್ಪ ತೀರಿಕೊಂಡಾಗ ಅವನು ತಲೆ ಬೋಳಿಸಲಿಲ್ಲ, ಎಡೆಯ ಮುಂದೆ ಕೈಮುಗಿಯಲಿಲ್ಲ. ಕೆಂಚಕ್ಕ ಮೈದುನನ ಮಗನಿಂದ ಎಲ್ಲ ಮಾಡಿಸಿ, "ನನಗೆ ಮಗ ಇಲ್ಲ" ಎಂದು ನೆರೆದವರ ಮುಂದೆಯೇ ಹೇಳಿಬಿಟ್ಟಿದ್ದಳು. ಅಂದಿನಿಂದ ತಾಯಿ ಮಗನಿಗೆ ಮಾತಿರಲಿಲ್ಲ.

"ಈಗ್ಯಾಕವ್ವಾ ಹೋಗ್ಬೇಕು ಅನ್ನಿಸ್ತು?"

"ಅವರಪ್ಪನ ದಿನ ಅಲ್ಲಿ ಅಡುಗೆ ಮಾಡಿ ಜನಕ್ಕೆ ಉಣ್ಣಾಕೆ ಇಕ್ತಾನಂತೆ. ಮಿಲ್ಲಿನಾಗೆ ನನ್ ಜೊತೆ ಕೆಲಸ ಮಾಡೋ ಗೀತಮ್ಮ ಹೇಳಿದ್ಲು. ನಿಜಾನೋ ಸುಳ್ಳೋ ಕಣ್ಣಾರೆ ನೋಡ್ಬೇಕು."

ಶಕೀಲ ಕೈ ಒರೆಸಿಕೊಂಡು ಬೈಕು ತೆಗೆದ.

ತಳಕು ದಾಟುವವರೆಗೂ ಅವಳು ಮಗನಿಗೆ ಏನೇನು ಬಯ್ಯಬೇಕೆಂದಿದ್ದಾಳೋ ಎಲ್ಲವನ್ನೂ ಶಕೀಲನ ಬೆನ್ನಿಗೆ ಹೇಳುತ್ತ ಬಂದಳು. ಹಾನಗಲ್ ಬಂದ ಮೇಲೆ "ಇನ್ನೆಷ್ಟು ದೂರ?" ಎಂದಷ್ಟೇ ಕೇಳಿದಳು. ಅಶೋಕನ ಶಾಸನದ ಬೋರ್ಡು ಕಳೆದು ಮಣ್ಣುದಾರಿ ಹಿಡಿದಾಗ ಅವನ ಹೆಗಲನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಬೈಕು ಅರ್ಧ ಗುಡ್ಡ ಹತ್ತಿ ನಿಂತಿತು. ಮುಂದೆ ಕಲ್ಲು ಮೆಟ್ಟಿಲು. ಮಂಡಿ ಹಿಡಿದುಕೊಂಡು, ನಾಲ್ಕು ಕಡೆ ಕೂತು ಸುಧಾರಿಸಿಕೊಂಡು ಅವಳು ಮೇಲೆ ಬಂದಳು.

ಸುಣ್ಣ ಬಳಿದ ಒಂದು ಕೋಣೆ, ಒಳಗೆ ಕಪ್ಪು ಕಲ್ಲಿನ ಬುದ್ಧ. ಪಕ್ಕದ ಬಂಡೆಯ ನೆರಳಲ್ಲಿ ಏಳೆಂಟು ಕುರಿಗಾಹಿಗಳು ತಟ್ಟೆ ಹಿಡಿದು ಕೂತಿದ್ದರು. ಮೂರು ಕಲ್ಲಿನ ಒಲೆ ಊದುತ್ತಿದ್ದ ಗಂಗರಾಜು ತಾಯಿಯನ್ನು ಕಂಡು ಸೌಟು ಹಿಡಿದೇ ಎದ್ದುನಿಂತ.

"ಲೇ, ನೀರಾದ್ರೂ ಕೊಡೋ. ಅವ್ವ ಏದುಸಿರು ಬಿಡ್ತಾ ಐತೆ," ಎಂದ ಶಕೀಲ.

ಗಂಗರಾಜು ಚೊಂಬು ತಂದುಕೊಟ್ಟ. ಅವಳು ನೀರು ಕುಡಿದು ಪಾತ್ರೆಯತ್ತ ನೋಡಿದಳು.

"ಏನದು?"

"ಹುರುಳಿ ಸಾರು. ಅಪ್ಪಂಗೆ ಇಷ್ಟ ಅಲ್ವಾ?"

ಅಂಗೈಗೆ ಎರಡು ಹನಿ ಹಾಕಿಸಿಕೊಂಡು ನೆಕ್ಕಿದಳು. "ಬೆಳ್ಳುಳ್ಳಿ ಸುಡದೇ ಹಾಕಿದೀಯ. ನಿಮ್ಮಪ್ಪ ಇದನ್ನ ಬಾಯಿಗೂ ಇಕ್ತಿರಲಿಲ್ಲ. ಸರಿ ಆಚೆ."

ಅವನನ್ನು ಪಕ್ಕಕ್ಕೆ ತಳ್ಳಿ ಒಲೆಯ ಮುಂದೆ ಕುಕ್ಕರಿಸಿದಳು. ಕೆಂಡದಲ್ಲಿ ಬೆಳ್ಳುಳ್ಳಿ ಹೂತು, ಸುಟ್ಟು, ಕಲ್ಲಿನ ಮೇಲೆ ಜಜ್ಜಿ ಸಾರಿಗೆ ಹಾಕಿದಳು. ಎಲ್ಲರಿಗೂ ತಾನೇ ಬಡಿಸಿದಳು. ಬಯ್ಗುಳ ಒಂದೂ ಬಾಯಿಗೆ ಬರಲಿಲ್ಲ.

ಉಂಡವರು ಕುರಿ ಹೊಡೆದುಕೊಂಡು ಹೋದ ಮೇಲೆ ಅವಳು ಕೋಣೆಯ ಬಾಗಿಲಿಗೆ ಬಂದಳು.

"ಇವನ ಮುಂದೆ ಏನು ಕೇಳ್ಕೊಬೇಕು?"

"ಏನೂ ಕೇಳ್ಕೊಳ್ಳಂಗಿಲ್ಲವ್ವ. ಸುಮ್ನೆ ಕೂತ್ಕೊಳ್ಳಾದು."

ಅವಳು ಕೂತಳು. ಸ್ವಲ್ಪ ಹೊತ್ತಿಗೆ ದೊಡ್ಡ ದನಿ ತೆಗೆದು ಅತ್ತಳು. ಗಂಡ ಸತ್ತಾಗ ನೆಂಟರ ಗದ್ದಲದಲ್ಲಿ, ಮಗನ ಮೇಲಿನ ಸಿಟ್ಟಿನಲ್ಲಿ ಅವಳಿಗೆ ಹೀಗೆ ಅಳಲಾಗಿರಲಿಲ್ಲ. ಗಂಗರಾಜು ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಂಡ.

"ಅಪ್ಪನ್ನ ನಾನು ಮರ್ತಿಲ್ಲವ್ವ."

"ಗೊತ್ತಾತು ಬಿಡು. ಮಗ ಇಲ್ಲ ಅಂದೆನಲ್ಲ, ಆ ಮಾತು ನನ್ನ ಬಾಯಾಗೆ ಬರಬಾರ್ದಿತ್ತು." ಸೆರಗಿನಿಂದ ಮುಖ ಒರೆಸಿಕೊಂಡಳು. "ಸಂಜೆ ಮನ್ಯಾಗೆ ಎಡೆ ಇಕ್ತೀನಿ. ನೀನು ಕೈ ಮುಗೀಬ್ಯಾಡ. ಬಂದು ಉಣ್ಣು, ಅಷ್ಟೇ."

ಗಂಗರಾಜು ಶಕೀಲನತ್ತ ನೋಡಿದ. "ಒಂದು ಬೈಕಿಗೆ ಮೂರು ಜನ ಆಗ್ತೀವಲ್ಲೋ."

"ಅವ್ವನ್ನ ನಡುವೆ ಕೂರಿಸ್ಕೊಂಡ್ರಾತು. ಬಾರಲೇ."

ಆ ಸಂಜೆ ಮೈದುನನ ಮಗ ಎಡೆಗೆ ಕಾಯಿ ಒಡೆದ. ಗಂಗರಾಜು ಶಕೀಲನ ಪಕ್ಕ ಗೋಡೆಗೊರಗಿ ನಿಂತಿದ್ದ, ಕೈಮುಗಿಯಲಿಲ್ಲ. ನೆಂಟರ ಹೆಂಗಸೊಬ್ಬಳು ಏನೋ ಗೊಣಗಿದಳು.

"ಅವನ ಪಾಡಿಗೆ ಅವನನ್ನ ಬಿಡ್ರಿ. ನನ್ನ ಮಗ ಅವನು," ಎನ್ನುತ್ತ ಕೆಂಚಕ್ಕ ಇಬ್ಬರು ಗೆಳೆಯರಿಗೂ ತಟ್ಟೆ ಇಟ್ಟು ಮುದ್ದೆ ಬಡಿಸಿದಳು.